ಸೊನ್ನೆಗೆ ಬಗ್ಗದ ಸೈರನ್

ಶಹಾಪುರದ ಫರ್ಹತಳಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಚಹಾ ಕುಡಿಯುವಾಗಲೂ ಒಂದು ಕೈ ಸ್ಕ್ರೂಡ್ರೈವರ್ ತಿರುವುತ್ತಿರುತ್ತದೆ. ಕರೆಂಟು ಬಂದ ಕೂಡಲೇ ಹೊಲದ ಮೋಟಾರನ್ನು ತಾನೇ ಚಾಲೂ ಮಾಡಿ, ರೈತನಿಗೆ ಫೋನು ಹಚ್ಚುವ ಡಬ್ಬಿಯೊಂದನ್ನು ಆಕೆ ಕಟ್ಟಿದ್ದಳು. ಒಳಗಿನ ಕೋಡೂ ಆಕೆಯದೇ. ಇವತ್ತು ಆ ಮಹಾಸ್ತ್ರದ ಮೊದಲ ದಂಡಯಾತ್ರೆ, ಕಕ್ಕೇರಾದ ನಿಂಗರಾಜನ ಹೊಲಕ್ಕೆ. ಗೆದ್ದರೆ ಸುತ್ತಲಿನ ಪಂಪುಗಳೆಲ್ಲ ಅವಳವು. ಸೋತರೆ ಅಣ್ಣ ಗಯಾಸನ ಮೊಬೈಲ್ ಅಂಗಡಿಯಲ್ಲಿ ಮತ್ತೆ ಅದೇ ಸ್ಟೂಲು, ಅದೇ ಸ್ಕ್ರೀನ್‌ಗಾರ್ಡು.

ಕರೆಂಟು ಬಂತು. ಮೋಟಾರು ಮಿಸುಕಲಿಲ್ಲ. ಡಬ್ಬಿ ಮಾತ್ರ ರಣಕಹಳೆಯಂತೆ ಸೈರನ್ ಊದಿತು. ಎತ್ತುಗಳು ಹಗ್ಗ ಕಿತ್ತುಕೊಂಡು ಓಡಿದವು.

"ತಂಗಿ, ನಿನ್ನ ನೀರ ಎತ್ತಾಕ ಕರಸೀನೋ, ಊರ ಎಬ್ಬಸಾಕೋ? ಕರೆಂಟ್ ಹೋಗೂದ್ರಾಗ ಮೋಟಾರ್ ತಿರಗಬೇಕು. ಇಲ್ಲಂದ್ರ ಡಬ್ಬಿ ಹೊತಗೊಂಡು ಶಹಾಪುರ ಬಸ್ ಹತ್ತು!" ಎಂದು ನಿಂಗರಾಜ ಕೂಗಿದ.

ಆ ಸೈರನ್ ಅಂಗಡಿಯಲ್ಲಿ ಪರೀಕ್ಷೆ ಮಾಡುವಾಗಿನದು. ಆಗ ಮೋಟಾರಿನ ಬದಲು ಅದು ಕೂಗಬೇಕು. ಅದಕ್ಕೆಂದು ಬಿಲ್ಡ್ ಸೆಟ್ಟಿಂಗ್ಸ್ ಫೈಲಿನಲ್ಲಿ 'ಟೆಸ್ಟ್' ಎಂಬ ಹೆಸರು ಬರೆದಿದ್ದಳು. ಇಂಥ ಹೆಸರಿಗೆ ಮ್ಯಾಕ್ರೋ ಅನ್ನುತ್ತಾರೆ. ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರು ಅದನ್ನು ನೋಡಿ ಕೋಡಿನ ಒಂದು ತುಂಡನ್ನು ಸೇರಿಸುತ್ತದೆ, ಇಲ್ಲವೇ ಬಿಡುತ್ತದೆ. ಹೊರಡುವ ಮುಂಚೆ ಅದರ ಮುಂದೆ ಸೊನ್ನೆ ಹಾಕಿದ್ದಳು. ಸೊನ್ನೆ ಅಂದರೆ ಬಂದ್, ಅಷ್ಟೆ. ಲ್ಯಾಪ್‌ಟಾಪ್ ತೆರೆದು ನೋಡಿದರೆ ಸೊನ್ನೆ ಗುಂಡಗೆ ಕೂತಿದೆ. ಕೋಡನ್ನು ಮತ್ತೆ ಬಿಲ್ಡ್ ಮಾಡಿ ಡಬ್ಬಿಗೆ ತುಂಬಿದಳು. ಮತ್ತೆ ಕಹಳೆ. ವೈರು ಬದಲಿಸಿದಳು, ಡಬ್ಬಿ ಕುಲುಕಿದಳು, ಮೋಟಾರ್ ಕೋಣೆಯನ್ನು ಪ್ರದಕ್ಷಿಣೆ ಹಾಕಿದಳು.

ನಿಂಗರಾಜನ ನಾಯಿ ವೈರು ಮೂಸಲು ಹೊರಟಿತು.

"ಕಾಳ್ಯಾ, ಬರಬ್ಯಾಡಲೇ!" ಎಂದು ಅವನು ಗದರಿದ. ನಾಯಿ ಬಾಲ ಬೀಸುತ್ತ ಓಡಿಯೇ ಬಂತು.

"ಬ್ಯಾಡ ಅಂದ್ರೂ ಬರ್ತೈತಲ್ರಿ ಅಣ್ಣಾ?" ಎಂದಳು ಫರ್ಹತ.

"ಅದಕ್ಕ ಹೆಸರಷ್ಟ ತಿಳೀತೈತಿ. ಮುಂದಿನ ಮಾತು ಯಾವ ನಾಯಿ ಕೇಳ್ತೈತಿ?"

ಫರ್ಹತ ಲ್ಯಾಪ್‌ಟಾಪಿನ ಮೇಲೆ ಬಿದ್ದಳು. ಅವಳ ಕೋಡೂ ಕೇಳುತ್ತಿದ್ದದ್ದು ಅಷ್ಟೇ: ಟೆಸ್ಟ್ ಎಂಬ ಹೆಸರು ಇದೆಯೋ, ಇಲ್ಲವೋ? ಅದರ ಮುಂದೆ ಸೊನ್ನೆಯಿರಲಿ, ನೂರಿರಲಿ, ಅದಕ್ಕೇನು! ಸೊನ್ನೆ ಸಮೇತ ಇಡೀ ಸಾಲನ್ನೇ ಅಳಿಸಿದಳು. ಹಳೆಯದನ್ನೆಲ್ಲ ಗುಡಿಸಿ ಹೊಸದಾಗಿ ಬಿಲ್ಡ್ ಮಾಡಿ ತುಂಬಿದಳು.

ಡಬ್ಬಿ ತೆಪ್ಪಗಿತ್ತು. ಮೋಟಾರು ಒಮ್ಮೆ ಕೆಮ್ಮಿ, ಗುಡುಗುತ್ತ ತಿರುಗಿತು. ಪೈಪಿನ ಬಾಯಿಂದ ನೀರು ಧುಮುಕಿತು. ನಿಂಗರಾಜನ ಕಿಸೆಯಲ್ಲಿ ಫೋನು ಬಡಿದುಕೊಂಡಿತು.

"ಭಲೇ ತಂಗಿ! ನಡಿ, ನಮ್ಮ ಕಾಕಾನ ಪಂಪಿಗೂ ಒಂದು ಹಚ್ಚು."

"ತಡೀರಿ ಅಣ್ಣಾ," ಎಂದಳು ಫರ್ಹತ, ಉಗುರು ಕಚ್ಚುತ್ತ, ಫೈಲಿನ ಕೆಳಗಿನ ಸಾಲುಗಳನ್ನು ಸರಸರನೆ ಸರಿಸುತ್ತ. "ಇದ್ರಾಗ ಇನ್ನೂ ಹಿಂಥಾ ಸೊನ್ನಿ ಭಾಳ ಅದಾವು."