ಒಂದು ಕಾಲು ನೀಲಿ, ಒಂದು ಕಾಲು ಬಿಳಿ

ಬೆಳಗಿನ ಐದು ಗಂಟೆ. ಬಳ್ಳಾರಿ ಗಾಂಧಿನಗರದ ಹಿಂದಿನ ಓಣಿಯಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಕೋಳಿಗಳೇ ಎದ್ದು ಕೂತಿವೆ. ಸದ್ದು ಬರುವ ಮನೆಯೊಳಗೆ ಗಾದಿಲಿಂಗಪ್ಪನವರು ಬರೀ ಬನಿಯನ್ನಿನಲ್ಲಿ ನಿಂತು, ಮೊಬೈಲಿನ ಟಾರ್ಚ್ ಹಾಕಿ, ಗೋಡೆಯ ಮೊಳೆಯೊಂದನ್ನು ದಿಟ್ಟಿಸುತ್ತಿದ್ದಾರೆ. ಮೊಳೆ ಖಾಲಿ ಇದೆ.

"ಬಸಮ್ಮ, ನನ್ನ ಪ್ಯಾಂಟ್ ಎಲ್ಲೈತಿ?"

"ಹಾಕ್ಕೊಂಡೀರಲ್ಲ," ಒಲೆಯ ಮುಂದಿನಿಂದ ಪತ್ನಿ ಕೊಟ್ರಬಸಮ್ಮನ ಉತ್ತರ.

"ಇದಲ್ಲ. ಕಾಲೇಜಿಗೆ ಒಯ್ಯೋದು."

ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತದೆ. ಕೊಟ್ರಬಸಮ್ಮ ಹಿಟ್ಟಿನ ಕೈಯಿಂದಲೇ ಬಾಗಿಲ ಮೂಲೆ ತೋರಿಸುತ್ತಾರೆ. ಅಲ್ಲೊಂದು ಚೀಲ ಕೂತಿದೆ. ಒಂದು ಮಗ್ಗುಲು ಕಡುನೀಲಿ, ಇನ್ನೊಂದು ಮಗ್ಗುಲು ಬಿಳಿಚು. ಪ್ಯಾಂಟಿನ ಸೊಂಟವೇ ಚೀಲದ ಬಾಯಿ. ಬಾಯಿಗೆ ಗುಂಡಿ, ಗುಂಡಿಯ ಕೆಳಗೆ ಜಿಪ್ಪು.

"ಹೋಟೆಲ್ ರೊಟ್ಟಿಗೆ ಒಂದ್ ಚೀಲ ಕಮ್ಮಿ ಬಿತ್ತು. ರಾತ್ರಿ ಹೊಲಿದೆ," ಎಂದು ಹೇಳಿ ಅವರು ಮತ್ತೆ ಬಡಿಯತೊಡಗುತ್ತಾರೆ. ಗಾದಿಲಿಂಗಪ್ಪನವರು ಚೀಲವನ್ನು ಎತ್ತಿಕೊಂಡ ರೀತಿ ನೋಡಿದರೆ, ಅದು ಚೀಲವಲ್ಲ, ಜ್ವರ ಬಂದ ಕೂಸು.

ಈ ಸಂಕಟ ಅರ್ಥವಾಗಬೇಕಾದರೆ ಐವತ್ನಾಲ್ಕು ವರ್ಷದ ಗಾದಿಲಿಂಗಪ್ಪ ಮಾಡುವ ಕೆಲಸವೇನೆಂದು ತಿಳಿಯಬೇಕು. ಬೆಳಿಗ್ಗೆ ಹೆಂಡತಿಯ ಖಡಕ್ ರೊಟ್ಟಿಯನ್ನು ಎಕ್ಸೆಲ್ ಗಾಡಿಯ ಮೇಲೆ ಹೋಟೆಲು, ಹಾಸ್ಟೆಲುಗಳಿಗೆ ಮುಟ್ಟಿಸುತ್ತಾರೆ. ದಿನಕ್ಕೆ ಆರುನೂರು ರೊಟ್ಟಿ. ಅದು ಹೊಟ್ಟೆಪಾಡು. ಕರೆ ಬಂದ ದಿನ ಹತ್ತು ಗಂಟೆಯ ಮೇಲೆ ಅದೇ ಗಾಡಿಗೆ ಸುತ್ತಿದ ಬ್ಯಾನರೊಂದನ್ನು ಕಟ್ಟಿಕೊಂಡು ಕಾಲೇಜುಗಳಿಗೆ ಹೊರಡುತ್ತಾರೆ. ಮಕ್ಕಳಿಗೆ ವ್ಯಾಪಾರವೂ ಒಂದು ವೃತ್ತಿ, ಓದಿದವರೂ ಅಂಗಡಿ ಇಡಬಹುದು, ಅದರಲ್ಲಿ ಅವಮಾನವೇನಿಲ್ಲ ಎಂದು ಹೇಳಿಕೊಡುವ ಕಾರ್ಯಾಗಾರ ಅದು. ಬೆಳಿಗ್ಗೆ ಮಾತು, ಆಮೇಲೆ ಮನಸ್ಸಿದ್ದವರು ಒಂದು ಹಾಳೆಯಲ್ಲಿ ಹೆಸರು, ಏನು ಮಾರುತ್ತೇವೆ ಎಂಬುದನ್ನು ಬರೆಯಬೇಕು. ಮುಂದಿನ ಸಂತೆಯಲ್ಲಿ ಅವರದೇ 'ಒಂದು ದಿನದ ಅಂಗಡಿ'. ಹನ್ನೆರಡು ವರ್ಷ, ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯ ಮೂವತ್ತೆಂಟು ಕಾಲೇಜು, ಹೈಸ್ಕೂಲು. ಸಂಭಾವನೆ ಒಂದು ಶಾಲು, ಒಂದು ಹಾರ. ಇದುವರೆಗೆ ಬಂದ ನಲವತ್ತೊಂದು ಶಾಲುಗಳೂ ಕೊಟ್ರಬಸಮ್ಮನ ರೊಟ್ಟಿ ಬುಟ್ಟಿಗಳಿಗೆ ಹೊದಿಕೆಯಾಗಿವೆ.

ಬ್ಯಾನರಿನಲ್ಲಿ ಅವರ ಹೆಸರಿನ ಕೆಳಗೆ 'ಸಂಪನ್ಮೂಲ ವ್ಯಕ್ತಿ' ಎಂದಿದೆ. ಅದನ್ನು ಒಮ್ಮೆ ಮನೆಯ ಮುಂದೆ ಒಣಹಾಕಿದ್ದಾಗ ಓಣಿಯ ಹುಡುಗರು ಓದಿ, ಗಣೇಶನ ಚಂದಾ ಐದು ಸಾವಿರ ಬರೆಸಲು ಬಂದಿದ್ದರು. "ಸಂಪತ್ತಿನ ಮೂಲ ಒಳಗ ರೊಟ್ಟಿ ಬಡಿಯಾಕತ್ತೈತಿ, ಆಕಿನ್ನ ಕೇಳ್ರಿ ಅಂದೆ," ಎಂದು ಗಾದಿಲಿಂಗಪ್ಪನವರು ನಗುತ್ತಾರೆ. ಹುಡುಗರು ಒಳಗೆ ಹೋದರು, ತಲಾ ಎರಡು ರೊಟ್ಟಿ ತಿಂದು ಹೊರಗೆ ಬಂದರು. ಚಂದಾ ಹುಟ್ಟಲಿಲ್ಲ.

ಹಾಗಾದರೆ ವ್ಯಾಪಾರ ಕಲಿಸಲು ಇವರಿಗಿರುವ ಯೋಗ್ಯತೆಯೇನು? ಅವರೇ ಹೇಳುತ್ತಾರೆ: "ನಾ ನಾಕು ಧಂದೆ ಮಾಡೀನಿ. ನಾಕೂ ಮುಳುಗ್ಯಾವ. ಗೆದ್ದಾವ್ರು ಹ್ಯಾಂಗ ಗೆದ್ದೆ ಅಂತ ಸುಳ್ಳು ಹೇಳಬಹುದು. ಸೋತಾವ ಸುಳ್ಳು ಯಾಕ ಹೇಳ್ತಾನ್ರಿ?"

ಮೊದಲನೆಯದು ಬಳ್ಳಾರಿಯಲ್ಲಿ ಕೊಡೆ ಅಂಗಡಿ. ಇಲ್ಲಿನ ಮಳೆ ನೆಂಟರ ಹಾಗೆ, ಬಂದರೆ ಬಂತು. ಬಿಸಿಲಿಗೆ ಹಿಡಿಯುತ್ತಾರೆಂದು ಲೆಕ್ಕ ಹಾಕಿದ್ದರು. ಆದರೆ ಬಿಸಿಲಿಗೆ ಕೊಡೆ ಹಿಡಿಯಲು ಬಳ್ಳಾರಿ ಗಂಡಸರಿಗೆ ಮೀಸೆ ಅಡ್ಡ ಬಂತು. ಎರಡನೆಯದು ಸಿರುಗುಪ್ಪದಲ್ಲಿ ಅಕ್ಕಿ ಅಂಗಡಿ. ಮನೆ ಹಿತ್ತಲಿಗೇ ಭತ್ತದ ಗದ್ದೆ ಬಂದು ನಿಲ್ಲುವ ಊರಿನಲ್ಲಿ ಅಕ್ಕಿ ಮಾರಲು ಕೂತವರು ಬಹುಶಃ ಇವರೊಬ್ಬರೇ. ದಿನವೂ ಅಂಗಡಿಗೆ ಬಂದವರೆಲ್ಲ ಕೊಳ್ಳಲು ಬಂದವರಲ್ಲ, "ನಮ್ಮಲ್ಲೂ ನಾಕು ಚೀಲ ಐತಿ, ತಗೊಂತಿಯೇನಪ್ಪ?" ಎಂದು ಕೇಳಲು ಬಂದವರು. ಮೂರನೆಯದು ಕುರುಗೋಡಿನಲ್ಲಿ ವಧೂವರರ ಮಾಹಿತಿ ಕೇಂದ್ರ. ಯಾರ ಮನೆಯ ಹೆಣ್ಣು ಯಾರ ಮನೆಗೆಂದು ಕಟ್ಟೆಯ ಮೇಲೆ ಕೂತ ಅಜ್ಜಿಯರಿಗೆ ಮೊದಲೇ ಗೊತ್ತಿದ್ದ ಊರಿನಲ್ಲಿ ಆ ಕೇಂದ್ರಕ್ಕೆ ಬಂದ ಏಕೈಕ ಅರ್ಜಿ ಒಬ್ಬ ವಿಧುರ ಅಂಚೆಯಣ್ಣನದು. ಅದೂ ಕಾಗದ ಕೊಡಲು ಬಂದವನು ಹಾಗೇ ಬರೆದುಕೊಟ್ಟದ್ದು.

ನಾಲ್ಕನೆಯದೇ ಜೀನ್ಸ್. ಊರಿಗೇ ಹೆಸರು ತಂದ ಧಂದೆ, ಸೋಲುವ ಮಾತೇ ಇಲ್ಲ ಎಂದು ಇನ್ನೂರ ನಲವತ್ತು ಪ್ಯಾಂಟಿಗೆ ಬಟ್ಟೆ ತಂದರು. ಕಟಿಂಗ್ ಮಾಸ್ತರನ ಕೂಲಿ ಉಳಿಸಲು ತಾವೇ ಕತ್ತರಿಸಿದರು. ಜೀನ್ಸ್ ಬಟ್ಟೆಗೆ ಹೊರಮೈ ನೀಲಿ, ಒಳಮೈ ಬಿಳಿಚು. ಎಡಗಾಲು ಕತ್ತರಿಸಿದ ಮೇಲೆ ಅಳತೆಯ ರಟ್ಟನ್ನು ಮಗುಚಿ ಹಾಕಿ ಬಲಗಾಲು ಕತ್ತರಿಸಬೇಕು. ಗಾದಿಲಿಂಗಪ್ಪನವರು ಮಗುಚಲಿಲ್ಲ. ಮೊದಲ ಪ್ಯಾಂಟು ಹೊಲಿಯಲು ಕೂತ ಟೈಲರ್ ಎರ್ರಣ್ಣ ಮಷಿನ್ ನಿಲ್ಲಿಸಿ ಕೂಗಿದ್ದು ಓಣಿಗೇ ಕೇಳಿತ್ತು: "ಏಮಯ್ಯಾ ಗಾದಿಲಿಂಗಾ! ಎಲ್ಲಾ ಎಡಗಾಲೇ ಅದಾವಲ್ಲೋ! ಬಲಗಾಲು ಎಕ್ಕಡ?"

ಬಲಗಾಲು ಎಲ್ಲೂ ಇರಲಿಲ್ಲ. ಒಂದು ಎಡಗಾಲನ್ನು ಒಳಗು ಹೊರಗು ಮಾಡಿ ಬಲಕ್ಕೆ ಕೂಡಿಸಿ ಎರ್ರಣ್ಣ ಒಂದೇ ಒಂದು ಪ್ಯಾಂಟು ಹೊಲಿದುಕೊಟ್ಟ. ಒಂದು ಕಾಲು ನೀಲಿ, ಒಂದು ಕಾಲು ಬಿಳಿ. ಉಳಿದ ಎಡಗಾಲುಗಳು ಗಂಟಾಗಿ ಅಟ್ಟ ಸೇರಿದವು. ಬಟ್ಟೆಯ ಬಂಡವಾಳಕ್ಕೆಂದು ಮಾರಿದ್ದ ಕೊಟ್ರಬಸಮ್ಮನ ಎರಡೆಳೆ ಸರವೂ ಅಲ್ಲಿಗೆ ಮುಳುಗಿತು. ಅಂದಿನಿಂದ ಅವರು ಜೀನ್ಸ್ ಎಂಬ ಮಾತೆತ್ತಿಲ್ಲ, ಗಂಡನ ಕಾರ್ಯಾಗಾರಕ್ಕೆ ಒಂದು ದಿನವೂ ಹೋಗಿಲ್ಲ. "ಮುಳುಗಿದ್ದು ನೋಡೀನಿ. ಮತ್ತ ಮೈಕಿನ್ಯಾಗ ಬ್ಯಾರೆ ಕೇಳಬೇಕಾ?" ಎನ್ನುವುದು ಅವರ ಪ್ರಶ್ನೆ.

ಆ ಪ್ಯಾಂಟೇ ಗಾದಿಲಿಂಗಪ್ಪನವರ ಪಾಠಪುಸ್ತಕ. ಮಕ್ಕಳ ಮುಂದೆ ಅದನ್ನು ಝಾಡಿಸಿ ಹಿಡಿದರೆ ನಗು ಛಾವಣಿ ಮುಟ್ಟುತ್ತದೆ, ಪಾಠ ಶುರುವಾಗುತ್ತದೆ. ಕುರುಗೋಡಿನ ಕಾಲೇಜಿಗೆ ಇಂದು ಅದು ಬೇಕೇ ಬೇಕಾಗಿತ್ತು. ಅಲ್ಲಿನ ಪ್ರಾಂಶುಪಾಲೆ ಶಾಂಭವಿ ಮೇಡಂ ವಾರದ ಹಿಂದೆ ಫೋನಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದರು: "ಸರ್, ನೀವು ಬಂದ್ರ ಮಕ್ಕಳು ಭಾಳ ನಗ್ತಾರ. ನಕ್ಕು ಮನಿಗೆ ಹೋಗ್ತಾರ. ಹೋದ ವರ್ಷ ಅಂಗಡಿ ಇಡಾಕ ಎರಡ ಹೆಸರು ಬಂದ್ವು. ಈ ಸಲ ಹತ್ತು ಬರಲಿಲ್ಲಂದ್ರ ಆ ತಾಸು ಇಂಗ್ಲಿಷ್ ಕೋಚಿಂಗಿನವರಿಗೆ ಕೊಡ್ತೀನಿ." ಮೂವತ್ತೆಂಟರಲ್ಲಿ ಇಪ್ಪತ್ತು ಸಂಸ್ಥೆಗಳು ಆಗಲೇ ಇವರನ್ನು ಕರೆಯುವುದು ಬಿಟ್ಟಿವೆ. ಕುರುಗೋಡಿನವರು ಬಿಟ್ಟರೆ ಮುಂದಿನ ವಾರ ಗೊತ್ತಾಗಿರುವ ಸಿರುಗುಪ್ಪದವರೂ ಕೇಳುತ್ತಾರೆ: ಅವರು ಯಾಕೆ ಬಿಟ್ಟರು?

ಪ್ಯಾಂಟು ಮಾತ್ರ ಚೀಲವಾಗಿದೆ.

"ಅಟ್ಟದ ಮ್ಯಾಲಿನ ಗಂಟು ಇತ್ತಲ್ಲ, ಅದರಾಗ ಹೊಲೀಬೇಕಿತ್ತಿಲ್ಲ?" ಎಂದು ಗಾದಿಲಿಂಗಪ್ಪ.

"ಅವು ಮುಗದು ವಾರ ಆತು."

"ಮುಗದ್ವಾ? ಎಲ್ಲಿ ಹೋದ್ವು?"

"ಎರಡು ವರ್ಷದಿಂದ ನಿಮ್ಮ ಗಾಡಿ ಮ್ಯಾಲೆ ಹೊಂಟಾವ. ರೊಟ್ಟಿ ಚೀಲ ಯಾವುದರಾಗ ಹೊಲಿದೀನಿ ಅಂದ್ಕೊಂಡಿದ್ರಿ?"

ಗಾದಿಲಿಂಗಪ್ಪನವರು ಹೊರಗೆ ಬಂದು ಗಾಡಿಯ ಮೇಲಿನ ಚೀಲಗಳನ್ನು ಮೊದಲ ಸಲ ನೋಡುವವರಂತೆ ನೋಡುತ್ತಾರೆ. ಎಲ್ಲವೂ ನೀಲಿ. ಎಲ್ಲವೂ ಎಡಗಾಲು. ಎರಡು ವರ್ಷ ತಮ್ಮದೇ ಸೋಲನ್ನು ದಿನಾ ಬೆಳಿಗ್ಗೆ ಊರೆಲ್ಲ ಹಂಚಿ ಬಂದಿದ್ದಾರೆ, ಗುರುತು ಹಿಡಿದಿಲ್ಲ. "ಬ್ಯಾರೇರಿಗೆ ಕಣ್ಣು ತಗದು ನೋಡ್ರಿ ಅಂತ ಪಾಠ ಹೇಳಾವ ನಾ," ಎಂದು ತಲೆಗೆ ಕೈ ಹಚ್ಚಿಕೊಳ್ಳುತ್ತಾರೆ. "ಹೋಟೆಲಿನವರು ಚೀಲ ವಾಪಸ್ ಕೊಡಂಗಿಲ್ಲ, ಇಟ್ಕೊಂಡ್ಬಿಡ್ತಾರ. ಅದಕ್ಕ ಮುಗದ್ವು," ಎಂದು ಒಳಗಿನಿಂದ ಕೊಟ್ರಬಸಮ್ಮ ಸೇರಿಸುತ್ತಾರೆ. ಈ ಮಾತಿನ ಬೆಲೆ ಗಂಡನಿಗೆ ಆಗ ಹೊಳೆಯುವುದಿಲ್ಲ.

ಹನ್ನೊಂದು ಗಂಟೆಗೆ ಕುರುಗೋಡು. ಮೂವತ್ತು ಕಿಲೋಮೀಟರ್ ಧೂಳು ಹೊತ್ತು ಬಂದ ಸಂಪನ್ಮೂಲ ವ್ಯಕ್ತಿ ಮೊದಲು ಮುಖ ತೊಳೆದು, ಆಮೇಲೆ ತಾವೇ ಸ್ಟೂಲು ಹತ್ತಿ ಬ್ಯಾನರು ಕಟ್ಟುತ್ತಾರೆ. ಎಪ್ಪತ್ತು ಮಕ್ಕಳು. ಹಿಂದಿನ ಗೋಡೆಗೆ ಕುರ್ಚಿ ಹಾಕಿಕೊಂಡು ಶಾಂಭವಿ ಮೇಡಂ, ಮಡಿಲಲ್ಲಿ ಒಂದು ಬಿಳಿ ಹಾಳೆ. ಕೊಡೆಯ ಕತೆಗೆ ನಗು ಬರುತ್ತದೆ, ಅಕ್ಕಿಗೂ ಬರುತ್ತದೆ. ಜೀನ್ಸ್ ಬಂದಾಗ ಅಭ್ಯಾಸಬಲದಿಂದ ಕೈ, ಹೆಂಡತಿ ಬುತ್ತಿ ಹಾಕಿ ಕಳಿಸಿದ ಆ ಎರಡು ಬಣ್ಣದ ಚೀಲದೊಳಗೆ ಹೋಗುತ್ತದೆ. ಪ್ಯಾಂಟಿನ ಬದಲು ಎರಡು ರೊಟ್ಟಿ, ಶೇಂಗಾ ಚಟ್ನಿಯ ಪೊಟ್ಟಣ ಹೊರಬರುತ್ತವೆ.

ಗಾದಿಲಿಂಗಪ್ಪನವರು ಇದ್ದದ್ದನ್ನು ಇದ್ದಂತೆ ಹೇಳಿಬಿಡುತ್ತಾರೆ. ಪ್ಯಾಂಟು, ಹೆಂಡತಿ, ಅಟ್ಟ, ಎರಡು ವರ್ಷ, ಎಲ್ಲವನ್ನೂ. ಹೇಳಿ ಮುಗಿಸಿ ಖಾಲಿ ಚೀಲವನ್ನು ಮೇಲೆತ್ತಿ ಹಿಡಿಯುತ್ತಾರೆ. ಈ ಸಲ ಯಾರೂ ನಗುವುದಿಲ್ಲ. ಮೇಡಂ ಗಡಿಯಾರ ನೋಡುತ್ತಾರೆ.

ಆಗ ಎರಡನೇ ಸಾಲಿನಿಂದ ಗಂಗೋತ್ರಿ ಎಂಬ ವಿದ್ಯಾರ್ಥಿನಿ ಏಳುತ್ತಾಳೆ. "ಸರ್, ಆ ಚೀಲ ಎಷ್ಟಕ್ಕ ಕೊಡ್ತೀರಿ?"

ಹನ್ನೆರಡು ವರ್ಷದಲ್ಲಿ ಆ ಪ್ಯಾಂಟನ್ನು ಸಾವಿರಾರು ಮಕ್ಕಳು ನೋಡಿದ್ದಾರೆ. ಬೆಲೆ ಕೇಳಿದವರಿಲ್ಲ. ಹೋಟೆಲಿನವರು ಚೀಲ ಯಾಕೆ ವಾಪಸ್ ಕೊಡುತ್ತಿರಲಿಲ್ಲ ಎಂಬುದು ಅವರಿಗೆ ಈಗ ಹೊಳೆಯುತ್ತದೆ. "ನಮ್ಮ ಮನಿಯಾಕಿನ್ನ ಕೇಳಬೇಕವ್ವ," ಎಂದು ಅವರು ತಡವರಿಸುತ್ತಾರೆ. "ಕೇಳ್ರಿ ಮತ್ತ!" ಎಂದು ಎಪ್ಪತ್ತು ಗಂಟಲು. ಫೋನು ಸ್ಪೀಕರಿಗೆ ಬೀಳುತ್ತದೆ, ಮೈಕು ಫೋನಿನ ಬಾಯಿಗೆ ಬರುತ್ತದೆ.

"ಆಂಟೀ, ನಿಮ್ಮ ಚೀಲ ಎಷ್ಟ್ರಿ?"

"ಆಂಟಿ ಗೀಂಟಿ ಆಮ್ಯಾಲೆ. ಗಿರಾಕಿ ಆಗಾಕ ಬಂದಿಯೋ, ಬಳಗ ಆಗಾಕ ಬಂದಿಯೋ?"

"ಗಿರಾಕಿ ರೀ. ಪುಸ್ತಕ ಹಾಕ್ಕೊಳ್ಳಾಕ ಬೇಕು. ಹಿಂಗ ಎರಡು ಬಣ್ಣದ್ದು ಇಡೀ ಕುರುಗೋಡಿನ್ಯಾಗ ಯಾರ ಹತ್ರಾನೂ ಇಲ್ರಿ."

"ಅಯ್ಯ, ಅದನ್ನ ಹೇಳಬಾರದಿತ್ತವ್ವ. ಯಾರ ಹತ್ರಾನೂ ಇಲ್ಲಂದ್ಯಲ್ಲ, ರೇಟು ಏರಿತು. ನೂರಾ ಐವತ್ತು."

ಸಭೆ ಹೋ ಎನ್ನುತ್ತದೆ. ಗಂಗೋತ್ರಿ ಜಗ್ಗುವವಳಲ್ಲ. "ಅರವತ್ತು ರೀ. ಹಳೇ ಪ್ಯಾಂಟಲ್ಲ?"

"ಹಳೇದು ಯಾಕಾಗತೈತಿ? ಒಬ್ಬರೂ ಹಾಕ್ಕೊಂಡಿಲ್ಲ. ಅರವತ್ತಕ್ಕ ಅದರ ಜಿಪ್ಪೂ ಬರಂಗಿಲ್ಲ. ನೂರು."

"ಎಂಬತ್ತು ರೀ. ಇದರ ಮ್ಯಾಲೆ ನನ್ನ ಹತ್ರ ಇಲ್ಲ."

ಮೈಕಿನಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. "ರೊಟ್ಟಿ ಬಿಟ್ರ ಇದು ಇವತ್ತಿನ ಬೋಣಿ ಏನ್ರೀ?" ಎಂದು ಕೊಟ್ರಬಸಮ್ಮ ಗಂಡನನ್ನು ಕೇಳುತ್ತಾರೆ.

ದಿನದ ಮೊದಲ ವ್ಯಾಪಾರ ಬೋಣಿ. ಬೋಣಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಬಾರದು. ಸಂತೆಯಲ್ಲಿ ಸೊಪ್ಪು ಮಾರುವವರಿಂದ ಹಿಡಿದು ಬಂಗಾರದಂಗಡಿಯವರೆಗೆ ಎಲ್ಲರೂ ನಡೆಸುವ ನೇಮ ಇದು. ಗಾದಿಲಿಂಗಪ್ಪನವರು ಪ್ರತಿ ಕಾರ್ಯಾಗಾರದಲ್ಲೂ ಹೇಳುವ ಮೊದಲ ಪಾಠವೂ ಇದೇ. ಆದರೆ ಈಗ ಅವರ ಕೈ ಚೀಲವನ್ನು ಗಟ್ಟಿಯಾಗಿ ಹಿಡಿದಿದೆ. ಇದೂ ಹೋದರೆ ನಾಳೆ ಮಕ್ಕಳ ಮುಂದೆ ಏನನ್ನು ಎತ್ತಿ ಹಿಡಿಯುವುದು?

"ಇವತ್ತಿಂದಷ್ಟ ಅಲ್ಲ, ಬಸಮ್ಮ," ಎನ್ನುತ್ತಾರೆ ಕೊನೆಗೆ. "ನಮ್ಮ ಜೀನ್ಸ್ ಧಂದೆಕ್ಕ ಹನ್ನೆರಡು ವರ್ಷದ ಮ್ಯಾಲೆ ಇದ ಮದಲ ಬೋಣಿ."

ಫೋನಿನಲ್ಲಿ ರೊಟ್ಟಿಯ ಸದ್ದೂ ನಿಲ್ಲುತ್ತದೆ. "ಹಂಗಾದ್ರ ಕೊಟ್ಟು ಬರ್ರಿ," ಎಂಬ ದನಿ ಈಗ ಚೌಕಾಸಿಯದಲ್ಲ.

ಎಂಬತ್ತು ರೂಪಾಯಿ ಕೈ ಸೇರುತ್ತದೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಇನ್ನೊಬ್ಬಳು, "ಇನ್ನೂ ಅದಾವೇನ್ರಿ ಆಂಟಿ?"

"ಬಟ್ಟಿ ಮುಗೀತವ್ವ. ಇನ್ನ ಬೇಕಂದ್ರ ನಿಮ್ಮ ಸರ್ ಮತ್ತೊಮ್ಮೆ ತಪ್ಪು ಮಾಡಬೇಕು!"

ಆ ನಗು ಇಳಿಯುವುದರೊಳಗೆ ಶಾಂಭವಿ ಮೇಡಂ ಹಾಳೆಯನ್ನು ಮುಂದಿನ ಬೆಂಚಿಗೆ ಕೊಟ್ಟಿದ್ದಾರೆ. ವಾಪಸ್ ಬಂದಾಗ ಅದರಲ್ಲಿ ಹತ್ತೊಂಬತ್ತು ಹೆಸರು. ಗಂಗೋತ್ರಿಯ ಹೆಸರಿನ ಮುಂದೆ 'ಚೀಲ' ಎಂದಿದೆ. ಮನೆಯಲ್ಲಿ ಅವಳಪ್ಪನ ಎರಡು ಹಳೇ ಪ್ಯಾಂಟುಗಳಿವೆಯಂತೆ, ಅಪ್ಪನಿಗೆ ಇನ್ನೂ ಹೇಳಿಲ್ಲವಂತೆ. ಒಬ್ಬ ಹುಡುಗ ಸಾಹಸ ಮಾಡಿ 'ಕೊಡೆ' ಎಂದು ಬರೆದಿದ್ದಾನೆ. ಮೇಡಂ ಶಾಲು ಹೊದಿಸುತ್ತ ಒಂದೇ ಮಾತು ಹೇಳುತ್ತಾರೆ: "ಮುಂದಿನ ವರ್ಷವೂ ಬರ್ರಿ ಸರ್. ಆದ್ರ ಅವರನ್ನ ಕರಕೊಂಡು ಬರ್ರಿ."

ಮರುದಿನ ಬೆಳಿಗ್ಗೆ ಐದು ಗಂಟೆ. ಮತ್ತದೇ ಸದ್ದು, ಅದೇ ಕೋಳಿಗಳು. ನಲವತ್ತೆರಡನೆಯ ಶಾಲು ಆಗಲೇ ರೊಟ್ಟಿ ಬುಟ್ಟಿಯ ಮೇಲಿದೆ. ಗೋಡೆಯ ಮೊಳೆ ಮಾತ್ರ ಖಾಲಿ ಇಲ್ಲ. ಎಂಬತ್ತು ರೂಪಾಯಿಯ ನೋಟುಗಳನ್ನು ಕಣ್ಣಿಗೊತ್ತಿಕೊಂಡು, ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿ, ಕೊಟ್ರಬಸಮ್ಮನೇ ಅಲ್ಲಿ ತೂಗುಹಾಕಿದ್ದಾರೆ.

"ಸಿರುಗುಪ್ಪಕ್ಕ ನೀನೂ ಬರ್ತಿಯಲ್ಲ?" ಗಾದಿಲಿಂಗಪ್ಪನವರು ರೊಟ್ಟಿ ಎಣಿಸುತ್ತಲೇ ಕೇಳುತ್ತಾರೆ. "ಬ್ಯಾನರಿನ್ಯಾಗ ನಿನ್ನ ಹೆಸರು ಮ್ಯಾಲೆ, ದೊಡ್ಡಕ್ಷರದಾಗ. ನನ್ನದು ಕೆಳಗ ಸಣ್ಣದಾಗಿ ಇದ್ರ ಸಾಕು."

ಕೊಟ್ರಬಸಮ್ಮ ಹಂಚಿನ ಮೇಲಿನ ರೊಟ್ಟಿ ಮಗುಚುತ್ತಾರೆ. "ಅಲ್ಲಿ ಮಕ್ಕಳಿಗೆ ಏನು ತೋರಿಸ್ತೀರಿ? ಪ್ಯಾಂಟಂತೂ ಹೋತು."

ಗಾದಿಲಿಂಗಪ್ಪನವರು ಮೊಳೆಯ ಕಡೆ ಕೈ ಮಾಡುತ್ತಾರೆ. "ಹನ್ನೆರಡು ವರ್ಷ ಸೋತಿದ್ದು ತೋರಿಸೀನಿ. ಇನ್ನ ಇದನ್ನ ತೋರಿಸ್ತೀನಿ."

"ತೋರಿಸ್ರಿ," ಎನ್ನುತ್ತಾರೆ ಕೊಟ್ರಬಸಮ್ಮ. "ಐದನೇ ಧಂದೆಕ್ಕ ಮಾತ್ರ ಹಾಕಬ್ಯಾಡ್ರಿ."