ಮೇಲೆದ್ದ ಕೊಳ

ನಾನು ಕಂಬಿ ಕಟ್ಟುವ ಮೇಸ್ತ್ರಿ. ಊರು ಜವನಗೊಂಡನಹಳ್ಳಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಮನೆಗಳಿಗೆ, ಗೋದಾಮುಗಳಿಗೆ, ನೀರಿನ ಟ್ಯಾಂಕುಗಳಿಗೆ ಇಪ್ಪತ್ತೈದು ವರ್ಷ ಕಬ್ಬಿಣ ಬಗ್ಗಿಸಿದ್ದೇನೆ. ನನ್ನ ಜೊತೆ ಕೆಲಸ ಮಾಡುವವಳು ನನ್ನ ಹೆಂಡತಿ. ನಾನು ಕಂಬಿ ಜೋಡಿಸುತ್ತಾ ಹೋದರೆ ಅವಳು ಹಿಂದಿನಿಂದ ತಂತಿ ಸುತ್ತಿ ಬಿಗಿಯುತ್ತಾ ಬರುತ್ತಾಳೆ. ಕಾಂಕ್ರೀಟ್ ಸುರಿಯುವಾಗ ಅವಳು ಕಟ್ಟಿದ ಗಂಟು ಜಾರಿದ್ದನ್ನು ನಾನು ಕಂಡಿಲ್ಲ.

ನಾವು ಕಟ್ಟಿದ ಮೊದಲ ಈಜುಕೊಳ ಬಬ್ಬೂರಿನ ಹತ್ತಿರದ ಒಂದು ತೋಟದಲ್ಲಿದೆ. ಕಟ್ಟಿಸಿದವರು ನಿವೃತ್ತ ವ್ಯಾಯಾಮ ಶಿಕ್ಷಕಿ. ಅಷ್ಟು ವರ್ಷ ಮೈದಾನದಲ್ಲಿ ಮಕ್ಕಳನ್ನು ಓಡಿಸಿಯೂ ಒಬ್ಬ ಹುಡುಗಿಗೂ ಈಜು ಕಲಿಸಲಾಗಲಿಲ್ಲವೆಂಬ ಕೊರಗು ಅವರಿಗೆ. "ಗಂಡು ಹುಡುಗ್ರು ಬಾವಿಗೆ ಬಿದ್ದು ಕಲೀತಾರೆ ಮೇಸ್ತ್ರಿ. ಹೆಣ್ಣುಮಕ್ಕಳನ್ನ ಬಾವಿ ಹತ್ರ ಯಾರು ಬಿಡ್ತಾರೆ?" ಎಂದಿದ್ದರು.

ನಕ್ಷೆ ಬರೆದ ಎಂಜಿನಿಯರು ತಳದ ಕೆಳಗೆ ದಪ್ಪಗೆ ಜಲ್ಲಿ ಹಾಸಬೇಕು, ಪಕ್ಕದಲ್ಲಿ ಒಂದು ಗುಂಡಿ ತೆಗೆದು ನೆಲದಡಿಯ ನೀರು ಅದಕ್ಕೆ ಬಸಿಯುವಂತೆ ಮಾಡಬೇಕು ಎಂದು ಬರೆದಿದ್ದರು. ನಾನು ನಕ್ಕೆ. ನೂರಾರು ಅಡಿ ಕೊರೆದರೂ ಧೂಳು ಬರುವ ಸೀಮೆ ನಮ್ಮದು. "ಟೀಚರಮ್ಮ, ಇಲ್ಲಿ ಎಲ್ಲಿಂದ ನೀರು ಬರ್ತೈತೆ? ಇದು ಬೇಡ ಬಿಡ್ರಿ" ಎಂದೆ. ಅವರು ನನ್ನ ಮಾತು ನಂಬಿದರು.

ಉಳಿದ ಕೆಲಸದಲ್ಲಿ ನಾವು ಏನೂ ಕಡಿಮೆ ಮಾಡಲಿಲ್ಲ. ತಳಕ್ಕೂ ಗೋಡೆಗೂ ಎರಡು ಪದರ ಕಂಬಿ ಕಟ್ಟಿದೆವು. ತಳದ ಕಂಬಿಯನ್ನೇ ಮೇಲಕ್ಕೆ ಬಗ್ಗಿಸಿ ಗೋಡೆಗೆ ಸೇರಿಸಿದೆವು. ಕಾಂಕ್ರೀಟ್ ಗಟ್ಟಿಯಾಗಲೆಂದು ಮೂರು ವಾರ ನೀರು ನಿಲ್ಲಿಸಿ, ಆಮೇಲೆ ಟೈಲ್ಸ್ ಅಂಟಿಸಲು ಕೊಳ ಖಾಲಿ ಮಾಡಿದೆವು.

ಆಗ ಮಳೆ ಹಿಡಿಯಿತು. ಎಂಟು ದಿನ ಬಿಡಲಿಲ್ಲ. ಒಳಗೆ ನಿಂತ ಮಳೆನೀರನ್ನು ಟೀಚರಮ್ಮ ದಿನಾ ಪಂಪು ಹಾಕಿ ತೆಗೆಸುತ್ತಿದ್ದರಂತೆ. ಒಂಬತ್ತನೇ ದಿನ ಬೆಳಿಗ್ಗೆ ಫೋನ್ ಮಾಡಿದರು. "ಮೇಸ್ತ್ರಿ, ಬೇಗ ಬರ್ರಿ. ಕೊಳಕ್ಕೆ ಏನೋ ಆಗೈತೆ."

ಇಬ್ಬರೂ ಬೈಕಿನಲ್ಲಿ ಹೋದೆವು. ಆಳದ ಕಡೆಯ ಅಂಚು ನೆಲಕ್ಕಿಂತ ಆರು ಬೆರಳು ಮೇಲೆ ನಿಂತಿತ್ತು. ಸುತ್ತಲ ಮಣ್ಣು ಕುಸಿದಿದೆ ಎಂದುಕೊಂಡೆ. ನನ್ನ ಹೆಂಡತಿ ಮಂಡಿಯೂರಿ, ಗೋಡೆಗೂ ಮಣ್ಣಿಗೂ ನಡುವೆ ಬಿಟ್ಟ ಬಿರುಕಿಗೆ ಕಂಬಿಯ ತುಂಡು ಇಳಿಸಿ ಎತ್ತಿದಳು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮಣ್ಣು ಕುಸಿದಿಲ್ರಿ. ಇದೇ ಎದ್ದೈತೆ. ಕೆಳಗೆಲ್ಲಾ ನೀರು ತುಂಬೈತೆ" ಎಂದಳು.

ಎಷ್ಟೋ ಲೋಡು ಕಾಂಕ್ರೀಟು, ಕಬ್ಬಿಣ. ಅದು ದೋಣಿಯ ಹಾಗೆ ಎದ್ದಿತ್ತು. ಎಂಜಿನಿಯರಿಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ. "ತಳಕ್ಕೆ ತೂತು ಹೊಡೀರಿ. ನೀರು ಒಳಗೆ ಬರಲಿ, ಅದರ ಭಾರಕ್ಕೆ ಕೊಳ ಕೂರುತ್ತೆ. ತಡ ಮಾಡಿದ್ರೆ ಸೀಳುತ್ತೆ" ಎಂದರು.

ಟೀಚರಮ್ಮನ ಮುಖ ನೋಡುವುದು ಕಷ್ಟವಾಯಿತು. "ನೀವು ಕಟ್ಟಿದ್ದನ್ನ ನೀವೇ ಒಡೀತೀರಾ?" ಎಂದು ಕೇಳಿದರು.

"ಒಡೀಬೇಕು. ತಪ್ಪು ನಂದು. ಆ ಜಲ್ಲಿ, ಆ ಗುಂಡಿ ಬೇಡ ಅಂದಿದ್ದು ನಾನು."

ಅವರು ಮಳೆಯಲ್ಲೇ ಕೊಳದ ಕಡೆ ಕೈ ತೋರಿಸಿ, "ಮತ್ತೆ ನಿಂತ್ಕಂಡು ಏನು ನೋಡ್ತೀರಿ, ಇಳೀರಿ" ಎಂದರು.

ಕೊರೆಯುವ ಯಂತ್ರ ಹಿಡಿದು ಇಳಿದೆ. ನಮ್ಮ ಕಂಬಿ ಅಡ್ಡ ಬಂದಾಗಲೆಲ್ಲ ಜಾಗ ಬದಲಿಸಿ ಕೊರೆದೆ. ಮೂರನೇ ಸಲಕ್ಕೆ ತಳ ತೂತಾಗಿ, ಕೆಸರು ನೀರು ಮೊಣಕಾಲೆತ್ತರಕ್ಕೆ ಚಿಮ್ಮಿತು. ನೀರು ಏರುತ್ತಿದ್ದಂತೆ ಮೆಟ್ಟಿಲು ಹತ್ತಿ ಹೊರಗೆ ಬಂದೆ. ಸಂಜೆಯ ಹೊತ್ತಿಗೆ ಕೊಳ ಮೆಲ್ಲಗೆ ಇಳಿಯಿತು. ಪೂರ್ತಿ ಅಲ್ಲ, ಎರಡು ಬೆರಳು ಮೇಲೆಯೇ ಉಳಿಯಿತು.

ಮಳೆ ನಿಂತ ಮೇಲೆ ಪಕ್ಕದಲ್ಲಿ ಗುಂಡಿ ತೆಗೆದು, ಜಲ್ಲಿ ತುಂಬಿ, ಪೈಪು ಇಳಿಸಿ ಪಂಪು ಕೂರಿಸಿದೆವು. ತಳದ ಅಡಿಯ ಟೊಳ್ಳಿಗೆ ತೂತಿನಿಂದಲೇ, ನೀರಾಗಿ ಕಲಸಿದ ಸಿಮೆಂಟು ಹಾಲು ತುಂಬಿದೆವು. ತೂತಿನ ಸುತ್ತ ಅಗಲಕ್ಕೆ ಒಡೆದು, ನನ್ನ ಹೆಂಡತಿ ಹಳೆಯ ಕಂಬಿಗೆ ಹೊಸ ಕಂಬಿ ಸೇರಿಸಿ ಕಟ್ಟಿದಳು. ಅದಕ್ಕೆ ಕಾಂಕ್ರೀಟ್ ಸುರಿದು ಮುಚ್ಚಿ, ಆಮೇಲೆ ಟೈಲ್ಸ್ ಅಂಟಿಸಿದೆವು. ಆ ಕೆಲಸಕ್ಕೆ ನಾವು ಕೂಲಿ ತೆಗೆದುಕೊಳ್ಳಲಿಲ್ಲ.

ಆ ಕೊಳ ಈಗಲೂ ಸ್ವಲ್ಪ ವಾಲಿದೆ. ನೀರು ತುಂಬಿದಾಗ ಒಂದು ಕಡೆ ಟೈಲ್ಸ್ ಹೆಚ್ಚು ಕಾಣುತ್ತದೆ, ಇನ್ನೊಂದು ಕಡೆ ಕಡಿಮೆ. ಅಂಚಿಗೆ ಕಲ್ಲು ಹೊದಿಸಿ ಮರೆಮಾಡುತ್ತೇನೆಂದರೆ ಟೀಚರಮ್ಮ ಒಪ್ಪಲಿಲ್ಲ. "ಕಲಿಯೋರಿಗೆ ಇದೆಲ್ಲ ಯಾಕೆ?" ಎಂದರು.

ಬೇಸಿಗೆ ರಜೆಯಲ್ಲಿ ಸುತ್ತಲ ಹಳ್ಳಿಗಳ ಹದಿನಾಲ್ಕು ಹುಡುಗಿಯರು ಬಂದರು. ಅವರ ಜೊತೆಗೆ ನನ್ನ ಹೆಂಡತಿಯೂ ಇಳಿದಳು. ಮೊದಲ ದಿನ ಕಂಬಿ ಹಿಡಿದ ಹಾಗೆ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಳು. ತಿಂಗಳು ಕಳೆಯುವಷ್ಟರಲ್ಲಿ ಈ ತುದಿಯಿಂದ ಆ ತುದಿಗೆ ಹೋದಳು. ನಾನು ದಡದಲ್ಲಿ ಅವಳ ಚಪ್ಪಲಿಯ ಪಕ್ಕ ಕೂತು ನೋಡುತ್ತಿದ್ದೆ.