ನೀರಡಿಕೆ ಹೇಳಲಾಗದವರ ಸಖುಬಾಯಿ

ಹುಮನಾಬಾದಿನ ದವಾಖಾನೆಯ ಜ್ವರದ ವಾರ್ಡಿನಲ್ಲಿ ಬೆಳಗಿನ ಮಬ್ಬು ಇನ್ನೂ ಹರಿದಿಲ್ಲ. ಆಯಾ ಸಖುಬಾಯಿ ಮಂಚದಿಂದ ಮಂಚಕ್ಕೆ ಹೋಗಿ ಮೊದಲು ನೋಡುವುದು ಒಂದನ್ನೇ: ಎದೆ ಏರಿಳಿಯುತ್ತಿದೆಯೇ? ಕಿಟಕಿಯ ಬಳಿಯ ಮಂಚದ ಮುಂದೆ ಆಕೆ ಹೆಚ್ಚು ಹೊತ್ತು ನಿಲ್ಲುತ್ತಾಳೆ. ಅಲ್ಲಿರುವವರು ಕಲ್ಯಾಣದ ಕಡೆಯ ಮುಡಬಿಯ ಕುರಿಗಾರ ಅಮೋಘಸಿದ್ದಪ್ಪ. ವಯಸ್ಸು ಎಪ್ಪತ್ತು ದಾಟಿದೆ, ಅರಳುಮರಳಾಗಿ ಮೂರು ವರ್ಷ. ಈಗ ಇನ್‌ಫ್ಲುಯೆಂಜಾ.

ಸಖುಬಾಯಿ ನಿರ್ಣಾದವಳು. ಗಂಡ ಪ್ಲೇಗಿನಲ್ಲಿ ತೀರಿಕೊಂಡ ಮೇಲೆ ಇಲ್ಲಿಗೆ ಬಂದು ಹದಿಮೂರು ವರ್ಷವಾಯಿತು. ಇಪ್ಪತ್ತೆರಡು ಮಂಚ, ದಿನಕ್ಕೆ ಮೂವತ್ತು ಕೊಡ ನೀರು. ಓದು ಬರಹವಿಲ್ಲ. ಆದರೂ ಬೇರೆಯವರು ಕಾಣದ್ದನ್ನು ಕಂಡಿದ್ದಾಳೆ. 1944ರ ಈ ಚಳಿಗಾಲದಲ್ಲಿ ಜ್ವರದಿಂದ ಬಂದ ಮುದುಕರಲ್ಲಿ ನೆನಪು ನೆಟ್ಟಗಿದ್ದವರು ಮೂವತ್ತು ಜನ; ಸತ್ತವರು ನಾಲ್ವರು. ಅರಳುಮರಳಿನವರು ಒಂಬತ್ತು, ಸತ್ತವರು ಐವರು. ಡಾಕ್ಟರ್ ತುಳಜಾರಾಮರು ದಾಖಲೆ ತೆಗೆದು ನೋಡಿದಾಗ ಆಕೆ ಹೇಳಿದ್ದು ಸರಿಯಿತ್ತಂತೆ.

"ಜ್ವರ ಎಲ್ಲರಿಗೂ ಒಂದೇ ಅದರಿ. ಆದ್ರ ಇವರು ನೀರಡಿಕಿ ಆಗ್ಯಾದ ಅಂತ ಹೇಳಂಗಿಲ್ಲ, ಉಸಿರು ಸಿಗವಲ್ದು ಅಂತನೂ ಹೇಳಂಗಿಲ್ಲ. ನಾವು ನೋಡೋದ್ರಾಗ ಹೊತ್ತು ಮೀರಿರ್ತದ," ಎನ್ನುತ್ತಾಳೆ ಸಖುಬಾಯಿ, ಪತ್ರಿಕೆಗೆ ಬರೆಯಲು ಬಂದ ನನಗೆ.

ನಾಲ್ಕು ದಿನದ ಹಿಂದೆ ಬಂದಾಗ ಅಮೋಘಸಿದ್ದಪ್ಪ ಗಂಜಿಯಲ್ಲಿ ವಿಷವಿದೆ ಎಂದು ಹಲ್ಲು ಕಚ್ಚಿ ಮಲಗಿದ್ದರು. ಕುರಿ ತಪ್ಪಿಸಿಕೊಂಡವೆಂದು ಎರಡು ಸಲ ಬಾಗಿಲಿಗೆ ಓಡಿದರು. ಬಿದ್ದಾರೆಂದು ಕಂಪೌಂಡರ್ ಬದ್ರುದ್ದೀನ್ ಅವರ ಕೈಗಳನ್ನು ಮಂಚಕ್ಕೆ ಕಟ್ಟಲು ಬಂದರು. ಸಖುಬಾಯಿ ಅಡ್ಡ ನಿಂತಳು. ಹೋದ ತಿಂಗಳು ಹಾಗೆ ಕಟ್ಟಿದ ಮುದುಕಿಯೊಬ್ಬಳು ಮತ್ತೆ ಏಳಲೇ ಇಲ್ಲ. ಮಲಗಿದಲ್ಲೇ ಇದ್ದುದರಿಂದ ಕಫ ಎದೆಯಲ್ಲೇ ತುಂಬಿತ್ತು.

ಅಂಟುರೋಗದ ವಾರ್ಡಾದ್ದರಿಂದ ಮನೆಯವರಿಗೆ ಪ್ರವೇಶವಿಲ್ಲ. ಮಗಳು ಜಿಜಾಬಾಯಿ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಳು. ಸಖುಬಾಯಿ ಡಾಕ್ಟರರನ್ನು ಕೇಳಿ ಮಂಚವನ್ನು ಕಿಟಕಿಯ ಹತ್ತಿರ ಎಳೆಸಿದಳು. ಹೊರಗಿನಿಂದ ಮಗಳು ಕರೆದಳು; ಒಳಗೆ ಮುದುಕ ಬಾಯಿ ತೆರೆದರು. ಮೊದಲ ದಿನ ಎರಡೇ ಚಮಚ ಗಂಜಿ. ಮರುದಿನ ಮಧ್ಯಾಹ್ನ ತುಟಿ ನೀಲಿಗಟ್ಟಿತು. ಕಿಟಕಿಯಲ್ಲಿ ಅದನ್ನು ಕಂಡ ಜಿಜಾಬಾಯಿ ಕರೆಯುವುದನ್ನು ನಿಲ್ಲಿಸಿದಳು.

"ನಿಲ್ಲಸಬ್ಯಾಡ ತಂಗಿ. ಏನರ ಮಾತಾಡು," ಎಂದು ಸಖುಬಾಯಿ ಮುದುಕನನ್ನು ಎತ್ತಿ ಎದೆಗಾನಿಸಿಕೊಂಡು ಬೆನ್ನು ತಟ್ಟತೊಡಗಿದಳು. ಜಿಜಾಬಾಯಿ ಮಂದೆಯ ಕುರಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆದಳು. ಕತ್ತಲಾಗುವ ಹೊತ್ತಿಗೆ ಕಫ ಕಿತ್ತು ಉಸಿರು ಸಲೀಸಾಯಿತು.

ಇವತ್ತು ಜ್ವರ ಬಿಟ್ಟು ಮೈ ತಣ್ಣಗಿದೆ. ಬೆಳಕು ಹರಿಯುತ್ತಿದ್ದಂತೆ ಮಗಳು ಕಿಟಕಿಗೆ ಬರುತ್ತಾಳೆ. ಮುದುಕ ಬಹಳ ಹೊತ್ತು ನೋಡಿ ಕೇಳುತ್ತಾರೆ: "ಈಕಿ ಯಾರು?"

ಜಿಜಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ಜ್ವರದಲ್ಲಿ ಹೆಚ್ಚಿದ ಮರೆವು ಜ್ವರ ಬಿಟ್ಟರೂ ಇಳಿಯುವುದು ಅನುಮಾನವೆಂದು ಡಾಕ್ಟರ್ ಮೊದಲೇ ಹೇಳಿದ್ದರು.

ಹೆದರಿಕೆಯಾಗುವುದಿಲ್ಲವೇ ಎಂದು ಸಖುಬಾಯಿಯನ್ನು ಕೇಳುತ್ತೇನೆ. ಆಕೆ ಮುಂದಿನ ಮಂಚದ ಲೋಟ ತುಂಬುತ್ತಾಳೆ.

"ಅಂಜಿಕಿ ಅದರಿ. ನನಗ ಜ್ವರ ಬರ್ತದಂತಲ್ಲ. ನಾ ಚೂರು ಕಣ್ಣು ಮುಚ್ಚಿದ್ರ ಇವರ ಬಾಯಿಗಿ ನೀರು ಹಾಕೋರು ಯಾರು? ನನ್ನ ಜೋಡಿ ಇನ್ನೊಬ್ಬಾಕಿನ್ನ ಇಡಸ್ರಿ, ಅಷ್ಟ ಸಾಕು."